ಮೇಷ್ಟ್ರ ಪೆಟ್ಟಿಗೆಗೆ ನನ್ನ ಕಾಲು

ಮೊನ್ನೆ ನನ್ನ ಹೊಲಿಗೆ ಮೆಷಿನ್ನಿಗೆ ಮೋಟಾರು ಕೂರಿಸಲು ರಾಬರ್ಟ್‌ಸನ್‌ಪೇಟೆಯಿಂದ ಮೆಕ್ಯಾನಿಕ್ ಬಂದಿದ್ದ. ಮಂಡಿ ಸವೆದಿದೆ, ತುಳಿದದ್ದು ಸಾಕು ಎಂದು ಹೇಳಿ ಹೇಳಿ ಡಾಕ್ಟರಿಗೇ ಬೇಜಾರಾಗಿತ್ತು. ಅವನು ಮೆಷಿನ್ನಿನ ಕೆಳಗೆ ತೂರಿಕೊಂಡು ಕಬ್ಬಿಣದ ಪೆಡಲ್ ಬಿಚ್ಚಿ ಹೊರಗೆಳೆದ. ಮೆಷಿನ್ ಎಣ್ಣೆಯ ಜಿಡ್ಡು, ಅದರ ಮೇಲೆ ಕರ್ಪೂರದ ಮಸಿ... ಎರಡೂ ಸೇರಿದ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು.

“ಏನಕ್ಕಾ ಇದು, ಕಾಲಿಡೋ ಜಾಗಕ್ಕೆ ಯಾರಾದ್ರೂ ಕುಂಕುಮ ಇಕ್ತಾರಾ?” ಎಂದ.

ಇಕ್ಕುತ್ತಾರೆ. ನಾನು ಇಕ್ಕುತ್ತೇನೆ, ಶುಕ್ರವಾರಕ್ಕೊಮ್ಮೆ ಕರ್ಪೂರವನ್ನೂ ಹಚ್ಚುತ್ತೇನೆ. ಅದನ್ನು ಕಲಿಸಿದವರು ಊರಿಗಾಂನ ಲೈನ್ ಮನೆಗಳಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹಾರ್ಮೋನಿಯಂ ಮೇಷ್ಟ್ರು. ಅವರ ಮನೆಯಲ್ಲೂ ಇದೇ ವಾಸನೆ ಇರುತ್ತಿತ್ತು. ಹಾರ್ಮೋನಿಯಮ್ಮಿನ ಕೀಲುಗಳಿಗೆ ನನ್ನ ಹತ್ತಿರವೇ ಮೆಷಿನ್ ಎಣ್ಣೆ ಇಸಿದುಕೊಂಡು ಬಿಡುತ್ತಿದ್ದರು, ಹುಳ ಬೀಳದಿರಲಿ ಎಂದು ಒಳಗೆ ಕರ್ಪೂರ ಇಡುತ್ತಿದ್ದರು.

ಇಲ್ಲಿನ ಚಿನ್ನದ ಗಣಿ ನಡೆಯುವಾಗ ಅವರು ಅಲ್ಲಿ ಯಂತ್ರ ರಿಪೇರಿಯ ಫಿಟ್ಟರ್. ಆದರೆ ಕ್ಯಾಸಂಬಳ್ಳಿ ಕಡೆ ಹಳ್ಳಿಗಳಲ್ಲಿ ಹೋಗಿ ಕೇಳಿದರೆ ಅವರು ಗಣಿಗಿಳಿದಿದ್ದರೆಂಬುದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅಲ್ಲಿ ಅವರು ನಾಟಕದ ಮೇಷ್ಟ್ರು, ಅಷ್ಟೇ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದವನನ್ನು ಸಂಜೆ ಹಿಡಿದು ಕೂರಿಸಿ ಮಹಾರಾಜನನ್ನಾಗಿ ಮಾಡುತ್ತಿದ್ದರು. ಟೊಮೇಟೊ ಮಂಡಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನ ಬಾಯಲ್ಲಿ ಕಂದಪದ್ಯ ಹಾಡಿಸುತ್ತಿದ್ದರು. ಕಲಿಸುವುದು ಕನ್ನಡದಲ್ಲಿ, ಮೆಚ್ಚುವುದು ತೆಲುಗಿನಲ್ಲಿ, ಬೈಯುವುದು ಮಾತ್ರ ಶುದ್ಧ ತಮಿಳಿನಲ್ಲಿ.

ಅವರದು ಕಾಲು ಹಾರ್ಮೋನಿಯಂ. ಹಳ್ಳಿಯವರೆಲ್ಲ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಮೇಜಿನಷ್ಟು ಎತ್ತರ. ಕೆಳಗಿರುವ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿದರೆ ತಿದಿಗೆ ಗಾಳಿ ತುಂಬುತ್ತದೆ, ಎರಡೂ ಕೈ ಸ್ವರದ ಮನೆಗಳ ಮೇಲೆ ಓಡಾಡಬಹುದು. ಬೆಳಿಗ್ಗೆ ಆರಕ್ಕೆ ಸರಿಯಾಗಿ, ಕಾಫಿಗೂ ಮುಂಚೆ, ರಾಮದೇವರ ಪಟದ ಮುಂದೆ ಒಂದು ಹಾಡು ನುಡಿಸುತ್ತಿದ್ದರು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ನನ್ನ ಬಾಯಿ ಮೊದಲಿಂದಲೂ ಜೋರು. ‘ದೇವರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಮೇಷ್ಟ್ರೇ, ಸ್ವಲ್ಪ ಮೆತ್ತಗೆ’ ಎಂದು ನಾನು ಈಚೆಯಿಂದ ಕೂಗಿದರೆ ಆಚೆಯಿಂದ ಅದೇ ಸಾಲನ್ನು ಇನ್ನೂ ಜೋರಾಗಿ ನುಡಿಸುತ್ತಿದ್ದರು. ನಾನು ದೀಪ ಹಚ್ಚುವಾಗಲೂ ಯಾರ ಬ್ಲೌಸಿಗೆ ಯಾವ ಲೈನಿಂಗ್ ಎಂದು ಯೋಚಿಸುವವಳು. ನನಗೆಲ್ಲಿ ಅರ್ಥವಾಗಬೇಕು ಅವರ ಆರು ಗಂಟೆ.

ಒಂದು ಮಾತ್ರ ನನಗೆ ಸೋಜಿಗವಾಗಿತ್ತು. ಕೂರುವ ಮುಂಚೆ ಬಗ್ಗಿ, ತುಳಿಹಲಗೆಗಳನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಕಾಲಿಡುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಕಾಲಲ್ಲಿ ತುಳೀತೀವಲ್ಲ ಅಮ್ಮಣ್ಣಿ, ತಾಯೀನ. ಕೇಳಿ ತುಳೀಬೇಕು” ಎಂದಿದ್ದರು.

ಗಣಿಯಲ್ಲಿ ಪಂಪು ರಿಪೇರಿಗೆ ಇಳಿದಿದ್ದಾಗ ಒಮ್ಮೆ ಮೇಲಿಂದ ಬಂಡೆ ಕುಸಿದು, ಎರಡು ದಿನ ಕತ್ತಲಲ್ಲಿ ಸಿಕ್ಕಿಬಿದ್ದಿದ್ದರಂತೆ. ರಾಮದೇವರೇ, ಜೀವಂತ ಮೇಲೆ ಬಂದರೆ, ಉಸಿರಿರುವ ತನಕ ಪ್ರತಿ ರಾಮನವಮಿಗೆ ನಿನ್ನ ಮುಂದೆ ನಾನೇ ಪೆಟ್ಟಿಗೆ ನುಡಿಸಿ ನಾಟಕ ಆಡಿಸುತ್ತೇನೆ ಎಂದು ಹರಸಿಕೊಂಡರು. ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿಯ ರಾಮದೇವರ ಗುಡಿ ಮುಂದೆ ಆ ಹರಕೆ ಮೂವತ್ತು ವರ್ಷ ತಪ್ಪದೆ ನಡೆಯಿತು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲಿಲ್ಲ. ಬೆರಳು ತೆಗೆದರು, ಪಾದ ತೆಗೆದರು, ಕೊನೆಗೆ ಮಂಡಿಯ ಕೆಳಗೆ ಪೂರ್ತಿ ತೆಗೆದರು.

ನವಮಿಗೆ ಒಂದು ತಿಂಗಳಿರುವಾಗ ನಾಟಕದವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಕೃಷ್ಣನ ಪಾತ್ರ ಮಾಡುವ ಡೈರಿ ಸೆಕ್ರೆಟರಿ ಮುಂದಾಳು. ಈ ಸಲ ನೀವು ಮುಂದೆ ಕುರ್ಚಿ ಹಾಕಿಕೊಂಡು ನೋಡಿ ಸಾಕು, ಬಂಗಾರಪೇಟೆಯಿಂದ ಕೀಬೋರ್ಡಿನವರನ್ನು ಕರೆಸುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಪಾಪ. ಮೇಷ್ಟ್ರು ತಲೆಯಾಡಿಸಿ ಕಳಿಸಿದರು. ಆಸ್ಪತ್ರೆಯಿಂದ ಬಂದ ಮೇಲೂ ಒಂದೇ ಕಾಲಲ್ಲಿ ಹೇಗೋ ಎರಡು ಸಾಲು ನುಡಿಸುತ್ತಿದ್ದವರು, ಮಾರನೆ ದಿನ ಆರು ಗಂಟೆಗೆ ಗೋಡೆಯಾಚೆ ಸದ್ದೇ ಇಲ್ಲ. ಅದರ ಮಾರನೆ ದಿನವೂ ಇಲ್ಲ. ಇಪ್ಪತ್ತು ವರ್ಷ ಯಾವ ಸದ್ದಿಗೆ ಬೈದುಕೊಂಡು ಎದ್ದಿದ್ದೆನೋ ಆ ಸದ್ದಿಲ್ಲದೆ ನನಗೆ ನಿದ್ದೆಯೇ ಬಿಟ್ಟುಹೋಯಿತು.

ನಾಲ್ಕನೇ ದಿನ ತಡೆಯಲಾಗದೆ ಹುರುಳಿ ಸಾರು ಹಿಡಿದುಕೊಂಡು ಹೋದೆ. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಒಳಗೆ ಮೇಷ್ಟ್ರು ಪೆಟ್ಟಿಗೆಯ ಮುಂದೆ ಕೂತು ಒಂದೇ ಕಾಲಲ್ಲಿ ತುಳಿಯುತ್ತಿದ್ದರು. ಸ್ವರ ಏಳುತ್ತಿತ್ತು, ಸಾಲಿನ ನಡುವೆ ಸೊರಗಿ ಬಿದ್ದುಹೋಗುತ್ತಿತ್ತು. ಕೈ ಪೆಟ್ಟಿಗೆ ನುಡಿಸಿ ಎಂದೆ. ಒಂದು ಕೈ ಗಾಳಿ ಹೊಡೆಯುತ್ತ ಕೂತರೆ ನಾಟಕಕ್ಕೆ ಒಂದೇ ಕೈ ಉಳಿಯುತ್ತದೆ, ಅದು ಸಾಲದು ಎಂದರು. ಆಮೇಲೆ ನನ್ನ ಕಾಲನ್ನೇ ನೋಡುತ್ತ ಕೂತರು. ನನಗೆ ಇರುಸುಮುರುಸಾಯಿತು.

“ಅಮ್ಮಣ್ಣಿ, ನೀನು ಮಿಷಿನ್ ತುಳಿಯೋದ ಇಪ್ಪತ್ತೊರ್ಸದಿಂದ ಈ ಗೋಡೆ ಇಂದುಗಡೆ ಕೇಳ್ತಾ ಇವ್ನಿ. ಒಂದೇ ತೂಕದಾಗೆ ಓಡ್ತದೆ ನಿನ್ ಕಾಲು. ಈ ನವಮಿ ತನ್ಕ ಅದ ನನ್ಗೆ ಕೊಡ್ತೀಯಾ?”

ನಾನು ಅವರನ್ನು ಬೈದುಕೊಂಡು ಕೇಳಿದ್ದೆ. ಅವರು ನನ್ನನ್ನು ಇಷ್ಟಪಟ್ಟು ಕೇಳಿದ್ದರು. ಅದು ಗೊತ್ತಾದಾಗ ಸಾರಿನ ಪಾತ್ರೆ ಕೆಳಗಿಟ್ಟೆ. ಹ್ಞೂಂ ಎಂದುಬಿಟ್ಟೆ.

ಆಮೇಲಿನ ಮೂರು ವಾರ... ಅಬ್ಬಾ, ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ. ಫಿಟ್ಟರ್ ಕೈ ಸುಮ್ಮನೆ ಕೂರುತ್ತದೆಯೇ? ನನ್ನ ಮೆಷಿನ್ನಿನ ತಲೆ ಬಿಚ್ಚಿಸಿ ಬರೀ ಸ್ಟ್ಯಾಂಡನ್ನು ಪೆಟ್ಟಿಗೆಯ ಪಕ್ಕಕ್ಕೆ ತರಿಸಿದರು. ಎರಡು ರಾಟೆ, ಬಾವಿಯ ಹಗ್ಗ, ಸೈಕಲ್ ಟ್ಯೂಬಿನ ತುಂಡು. ನಾನು ಮುಂಗಾಲು ಒತ್ತಿದರೆ ಒಂದು ತುಳಿಹಲಗೆ ಕೆಳಗಿಳಿಯಬೇಕು, ಹಿಮ್ಮಡಿ ಒತ್ತಿದರೆ ಇನ್ನೊಂದು. ಮೊದಲ ದಿನ ಹಗ್ಗ ಕಿತ್ತಿತು. ಎರಡನೇ ದಿನ ಸ್ಟ್ಯಾಂಡೇ ಮಗುಚಿತು. ಮೂರನೇ ದಿನ ನಾನು ತುಳಿದೆ, ಅವರು ಎರಡೂ ಕೈ ಇಟ್ಟರು, ಇಡೀ ಲೈನ್ ಮನೆ ತುಂಬ ಸ್ವರ ಹರಿಯಿತು. ನನ್ನ ಪಾದದ ಕೆಳಗಿನಿಂದ ಹಾಡು ಹೊರಟಿತ್ತು! ಇಪ್ಪತ್ತು ವರ್ಷ ಇದೇ ಪೆಡಲಿನ ಮೇಲೆ ಕೊಕ್ಕೆ, ಕಾಜ, ಫಾಲ್ಸು ಎಂದು ಜೀವ ತೇಯ್ದವಳಿಗೆ, ಇದರೊಳಗೆ ಇಂಥದ್ದೂ ಇತ್ತೇ ಎಂದು ಕಣ್ಣಲ್ಲಿ ನೀರು ಬಂತು.

ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಅದಕ್ಕೆ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂತು. ತುಳಿಹಲಗೆಯನ್ನು ಮುಟ್ಟಿದರೆ ಸಾಲದು, ನಿನ್ನ ಪೆಡಲನ್ನೂ ಮುಟ್ಟು, ನಿನಗೆ ಅನ್ನ ಹಾಕಿದ್ದು ಅದು ಎಂದು ಹೇಳಿದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಮುಟ್ಟದೆ ಕೂತರೆ ಏನೋ ಕಳೆದುಕೊಂಡಂತಾಗತೊಡಗಿತು. ಇತ್ತ ಮದುವೆಯ ಕಾಲ, ನನ್ನ ಗಿರಾಕಿಗಳು ಬಾಗಿಲಿಗೆ ಬಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಮೆಷಿನ್ನು ಹಾಡುತ್ತಿದೆ, ನವಮಿ ಆದಮೇಲೆ ಬನ್ನಿ ಎನ್ನುತ್ತಿದ್ದೆ.

ಮೈಕಿಗೆ ರಾತ್ರಿ ಅನುಮತಿ ಸಿಗುವುದಿಲ್ಲವೆಂದು ಆ ವರ್ಷ ಬೆಳಿಗ್ಗೆಯೇ ನಾಟಕ. ಹಾಲಿನ ಟೆಂಪೋದಲ್ಲಿ ಪೆಟ್ಟಿಗೆ, ಸ್ಟ್ಯಾಂಡು, ಮೇಷ್ಟ್ರು, ಅಕ್ಕ, ನಾನು. ಗುಡಿ ಮುಂದೆ ಶಾಮಿಯಾನ, ಪಾನಕ ಕೋಸಂಬರಿ, ಜನವೋ ಜನ. ವೇದಿಕೆಯ ಪಕ್ಕದಲ್ಲಿ ಬಂಗಾರಪೇಟೆಯ ಕೀಬೋರ್ಡಿನವರೂ ಕೂತಿದ್ದರು. ಯಾವುದಕ್ಕೂ ಇರಲಿ ಎಂದು ಸೆಕ್ರೆಟರಿಯೇ ಕರೆಸಿದ್ದ. ಕೀಬೋರ್ಡಿನ ಮೇಲೆ ಒಂದು ಟವೆಲ್ ಹೊದಿಸಿತ್ತು. ಮೇಷ್ಟ್ರು ಅದನ್ನು ನೋಡಿದರು. ಪೆಟ್ಟಿಗೆ ಕೈಕೊಟ್ಟರೆ ಆ ಟವೆಲ್ ತೆಗೆಯುತ್ತಾರೆ, ಮೂವತ್ತು ವರ್ಷದ ಹರಕೆ ಅಲ್ಲಿಗೆ ಮುಗಿಯುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೊದಲ ಒಂದು ಗಂಟೆ ಹೇಗೆ ಹೋಯಿತೋ. ಪ್ರತಿ ಹಾಡಿಗೂ ಜನ ಒನ್ಸ್ ಮೋರ್, ಒನ್ಸ್ ಮೋರ್. ಮೇಷ್ಟ್ರ ಬೆರಳು ಓಡುತ್ತಿತ್ತು, ನನ್ನ ಕಾಲು ಓಡುತ್ತಿತ್ತು. ಆಮೇಲೆ ಸೆಕ್ರೆಟರಿಯ ದೊಡ್ಡ ಹಾಡು ಬಂತು. ಕೊನೆಯ ಸಾಲಿನಲ್ಲಿ ಅವನು ಕೈ ಮೇಲೆತ್ತಿ ಸ್ವರ ಎಳೆದ. ಎತ್ತಿದ ಕೈಯ ಕಂಕುಳಲ್ಲಿ ಜರಿ ಅಂಗಿಯ ಹೊಲಿಗೆ ಒಂದು ಗೇಣು ಬಿಟ್ಟುಹೋಗಿತ್ತು. ನನ್ನ ಕಣ್ಣು ಅಲ್ಲಿಗೇ ಅಂಟಿಕೊಂಡಿತು. ಹಾಳಾದ ಚಾಳಿ ನೋಡಿ, ತುಳಿಯುತ್ತ ತುಳಿಯುತ್ತ ಮನಸ್ಸಿನಲ್ಲೇ ಅದನ್ನು ಹೊಲಿಯತೊಡಗಿದೆ. ಕಂಕುಳಿನಿಂದ ಶುರುಮಾಡಿ ತೋಳಿನ ತನಕ ಬಂದೆ. ಹೊಲಿಗೆ ಮುಗಿಯಿತು. ಹೊಲಿಗೆ ಮುಗಿದರೆ ಟೈಲರ್ ಕಾಲು ಏನು ಮಾಡುತ್ತದೆ? ನಿಂತಿತು. ನನ್ನ ಬಲಗೈ ದಾರ ಕತ್ತರಿಸಲು ಕತ್ತರಿಯನ್ನೂ ತಡಕಿತು.

ಪೆಟ್ಟಿಗೆ ಒಂದು ಸಲ ನರಳಿ ಸುಮ್ಮನಾಯಿತು. ಸೆಕ್ರೆಟರಿ ಎತ್ತಿದ ಕೈಯಲ್ಲೇ ಒಬ್ಬಂಟಿಯಾಗಿ ನಿಂತಿದ್ದ, ಸ್ವರ ನಡುಗುತ್ತಿತ್ತು. ಶಾಮಿಯಾನದೊಳಗೆ ಗುಸುಗುಸು. ಕೀಬೋರ್ಡಿನವರ ಕೈ ಟವೆಲ್ಲಿಗೆ ಹೋಯಿತು. ನನ್ನ ಕಾಲು ಪೆಡಲಿನ ಮೇಲೇ ಮರಗಟ್ಟಿಹೋಯಿತು.

ಮೇಷ್ಟ್ರು ನನ್ನ ಕಡೆ ತಿರುಗಲೂ ಇಲ್ಲ. ಬಾಯಿ ತೆರೆದು ತಾವೇ ಆ ಸ್ವರ ಹಿಡಿದರು. ಮುದಿ ಗಂಟಲು, ಆದರೂ ಅದೇ ಶ್ರುತಿ, ಒಂದು ಕೂದಲೆಳೆ ಆಚೀಚೆ ಇಲ್ಲ. ಸೆಕ್ರೆಟರಿ ಅದಕ್ಕೆ ಸೇರಿಕೊಂಡ. ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಮೇಷ್ಟ್ರು ಮೆಲ್ಲಗೆ ಹೇಳಿದರು.

“ಒಲಿಗೆ ಇನ್ನೂ ಮುಗ್ದಿಲ್ಲ ಅಮ್ಮಣ್ಣಿ.”

ತುಳಿದೆ ನೋಡಿ. ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ. ಇಬ್ಬರ ಗಂಟಲಿನ ಕೆಳಗೆ ಪೆಟ್ಟಿಗೆಯ ಸ್ವರ ಮತ್ತೆ ಎದ್ದು ಬಂದು ಸೇರಿದಾಗ, ಅದನ್ನೂ ನಾಟಕದ ಗಮ್ಮತ್ತೇ ಎಂದುಕೊಂಡ ಜನ ಎದ್ದು ನಿಂತು ಒನ್ಸ್ ಮೋರ್ ಎಂದರು. ಕೀಬೋರ್ಡಿನವರು ಟವೆಲನ್ನು ಮತ್ತೆ ಹೊದಿಸಿದರು. ಮಂಗಳಾರತಿ ಆದಮೇಲೆ ಅವರೇ ಬಂದು ಮೇಷ್ಟ್ರಿಗೆ ಪಾನಕ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ಹೋದರು. ನಾನು ತಪ್ಪಾಯಿತು ಎಂದು ಅಳುತ್ತ ಕೂತಿದ್ದೆ. ಮೇಷ್ಟ್ರು ನಗುತ್ತಿದ್ದರು. ಅಂಗಿ ಹರಿದದ್ದು ನಾನೂ ನೋಡಿದೆ, ನಾಳೆ ಹೊಲಿದು ಕೊಡು ಎಂದರು. ಆ ದಿನ ವಾಪಸು ಬರುವಾಗ ಟೆಂಪೋದಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದೆ. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹಾಗೆ ಮೂರು ನವಮಿ ಮಾಡಿದೆವು. ನಾಲ್ಕನೆಯದಕ್ಕೆ ಹನ್ನೊಂದು ದಿನ ಇರುವಾಗ, ಬೆಳಿಗ್ಗೆ ಆರಕ್ಕೆ ಗೋಡೆಯಾಚೆ ಸದ್ದಿರಲಿಲ್ಲ...

ಮಣ್ಣು ಮಾಡಿ, ಎಲ್ಲ ಮುಗಿದು ಜನ ಹೋದ ಮೇಲೆ ಅಕ್ಕ ನನ್ನನ್ನು ಕರೆದರು. ಆ ನವಮಿಗೆಂದು ತಂದಿಟ್ಟಿದ್ದ ಸ್ಟ್ಯಾಂಡು ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಒಂದ್ಸಲ ತುಳಿ ಎಂದರು. ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತೆ. ನುಡಿಸುವವರಿಲ್ಲದ ಪೆಟ್ಟಿಗೆಯಿಂದ ಬರೀ ಗಾಳಿ ಹೋಗಿ ಬರುವ ಸದ್ದು, ಮಲಗಿದವರ ಉಸಿರಿನಂತೆ. ಅಕ್ಕ ಸ್ವಲ್ಪ ಹೊತ್ತು ಅದನ್ನೇ ಕೇಳಿದರು. ಆಮೇಲೆ ಅಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆ ಪೆಟ್ಟಿಗೆಯನ್ನು ಮುಟ್ಟದವರು, ಮೇಷ್ಟ್ರ ಬೆರಳಿಗೆ ಎಲ್ಲಕ್ಕಿಂತ ಹೆಚ್ಚು ಸವೆದಿದ್ದ ಒಂದು ಸ್ವರದ ಮನೆಯ ಮೇಲೆ ಬೆರಳಿಟ್ಟರು. ಆರು ಗಂಟೆಯ ಹಾಡು ಶುರುವಾಗುತ್ತಿದ್ದ ಸ್ವರ ಅದು.

“ನಿಲ್ಲಿಸ್ಬ್ಯಾಡ ಕಣೇ” ಎಂದರು. ಅವರ ಬೆರಳು ಸೋಲುವ ತನಕ ತುಳಿದೆ.

ಅಕ್ಕ ಈಗ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಪೆಟ್ಟಿಗೆಯೂ ಅಲ್ಲೇ ಇದೆ, ಗೋಡೆಯಾಚೆಯ ಮನೆಗೆ ಬೀಗ ಬಿದ್ದಿದೆ. ನವಮಿಯ ನಾಟಕ ನಿಂತಿಲ್ಲ, ಕೀಬೋರ್ಡಿನವರು ನುಡಿಸುತ್ತಾರೆ. ಅವರು ಶುರುಮಾಡುವ ಮುಂಚೆ ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಮೆಕ್ಯಾನಿಕ್ಕಿಗೆ ಇದೆಲ್ಲ ಹೇಳಲಿಲ್ಲ. ಪೆಡಲನ್ನು ಗುಜರಿಗೆ ಹಾಕಲೇ ಎಂದು ಕೇಳಿದ. ಬೇಡ ಎಂದು ಕಿತ್ತುಕೊಂಡು ದೇವರ ಗೂಡಿನ ಕೆಳಗಿಟ್ಟೆ. ಮೋಟಾರು ಚೆನ್ನಾಗಿಯೇ ಓಡುತ್ತದೆ, ಮಂಡಿಗೆ ಸುಖವಾಗಿದೆ.

ಇವತ್ತು ಮಧ್ಯಾಹ್ನ ಒಂದು ತೋಳು ಕೂಡಿಸುತ್ತಿರುವಾಗ ಕರೆಂಟು ಹೋಯಿತು. ಸೂಜಿ ಬಟ್ಟೆಯಲ್ಲೇ ನಿಂತಿತು. ನನ್ನ ಕಾಲುಗಳು ತಾವಾಗಿಯೇ ಕೆಳಗೆ ಪೆಡಲನ್ನು ಹುಡುಕಿದವು, ತಣ್ಣನೆಯ ಸಿಮೆಂಟು ನೆಲ ಸಿಕ್ಕಿತು. ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ ಎಂದು ಆ ನೆಲವನ್ನೇ ತುಳಿಯುತ್ತ ಕೂತೆ. ಹೊಲಿಗೆ ಇನ್ನೂ ಮುಗಿದಿಲ್ಲ ಮೇಷ್ಟ್ರೇ ಎಂದು ಗೋಡೆಯ ಕಡೆ ತಿರುಗಿ ಜೋರಾಗಿಯೇ ಹೇಳಿದೆ. ಆಚೆ ಕಡೆಯಿಂದ ಏನೂ ಕೇಳಲಿಲ್ಲ.