ಭಾಗ್ಯಳ ಲೋಟ

ಮೊನ್ನೆ ವಿಜಯನಗರದ ಪಾತ್ರೆ ಅಂಗಡಿಯಲ್ಲಿ ಅಮ್ಮನ ಜೊತೆ ನಿಂತಿದ್ದೆ. ಚಿಕ್ಕಮ್ಮನ ಮಗಳ ಮದುವೆಗೆ ಕೊಡುವ ಕೊಳಗದ ಮೇಲೆ ಅಂಗಡಿಯವರು ನಮ್ಮ ಹೆಸರು ಕೊರೆಯುತ್ತಿದ್ದರು. ಆ ಯಂತ್ರದ ಕಿರ್ರೆನ್ನುವ ಸದ್ದು ನಿಮಗೂ ಗೊತ್ತಿರುತ್ತದೆ, ಹಲ್ಲು ಜುಮ್ಮೆನ್ನಿಸುತ್ತದೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ನಮ್ಮ ಶಾಲೆ ನೆನಪಾಗುತ್ತದೆ.

ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯೇ ನಮ್ಮ ಶಾಲೆ. ಮೈದಾನವಿರಲಿಲ್ಲ, ಗಂಟೆಯೂ ಇರಲಿಲ್ಲ. ಕೆಳಗಿನ ಯಂತ್ರ ನಿಂತರೆ ಊಟದ ಹೊತ್ತು. ಮೂಲೆಯಲ್ಲೊಂದು ನೀರಿನ ಡ್ರಮ್ಮು, ಪಕ್ಕದಲ್ಲಿ ಮರದ ಹಲಗೆ. ಶಾಲೆಗೆ ಸೇರುವಾಗ ಪ್ರತಿ ಮಗುವೂ ತನ್ನ ಹೆಸರು ಕೊರೆಸಿದ ಸ್ಟೀಲ್ ಲೋಟ ತಂದು ಆ ಹಲಗೆಯ ಮೇಲೆ ಬೋರಲಿಡಬೇಕು. ಏಳನೇ ಕ್ಲಾಸು ಮುಗಿದ ದಿನ ಪ್ರೇಮಾ ಮಿಸ್ ಒಬ್ಬೊಬ್ಬರ ಹೆಸರು ಕರೆದು, ಅವರವರ ಲೋಟದ ತುಂಬ ಪಾನಕ ಕೊಡುತ್ತಿದ್ದರು. ಕುಡಿದು, ತೊಳೆದು, ಲೋಟ ಮನೆಗೆ ಒಯ್ಯುವುದು. ನಮ್ಮ ಬೀಳ್ಕೊಡುಗೆ ಎಂದರೆ ಅಷ್ಟೇ. ಅದಕ್ಕಾಗಿ ಏಳು ವರ್ಷ ಕಾಯುತ್ತಿದ್ದೆವು.

ನಮ್ಮ ಸರದಿ ಬರಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಕೊರೊನಾ ಎಂದು ಶಾಲೆ ಮುಚ್ಚಿದರು. ನಾನು ಆಗಲೇ ದಿನಚರಿ ಬರೆಯುತ್ತಿದ್ದವಳು. ಎಷ್ಟು ಇಡ್ಲಿ ತಿಂದೆ ಎಂಬುದೂ ಅದರಲ್ಲಿ ದಾಖಲಾಗಿದೆ. ಅಂದಿನ ಪುಟದಲ್ಲಿ ‘ಒಂದು ವಾರ ರಜೆ’ ಎಂದು ಬರೆದು ಪಕ್ಕದಲ್ಲಿ ಮೂರು ನಕ್ಷತ್ರ ಹಾಕಿದ್ದೇನೆ. ಶಾಲೆ ಮತ್ತೆ ತೆರೆಯಲೇ ಇಲ್ಲ. ನಮ್ಮ ಕ್ಲಾಸಿನ ಹದಿನೇಳು ಲೋಟಗಳು ಹಲಗೆಯ ಮೇಲೆಯೇ ಉಳಿದವು.

ಈ ವರ್ಷ ಕಟ್ಟಡದ ಮಾಲೀಕರು ಆ ಮಹಡಿಯನ್ನು ಗಾರ್ಮೆಂಟ್ಸಿನವರಿಗೆ ಕೊಟ್ಟರು. ಮಿಸ್ ಫೋನ್ ಮಾಡಿದರು. “ಲೋಟಾನೆಲ್ಲ ಗೋಣಿಚೀಲದಲ್ಲಿ ಎತ್ತಿಟ್ಟಿದೀನಿ ಕಣಮ್ಮ. ಭಾನುವಾರ ಎಲ್ಲರ್ನೂ ಕರ್ಕೊಂಡ್ ಬಾ. ಲೆಕ್ಕ ಇಡೋದು ಅಂದ್ರೆ ನಿಂಗೆ ಇಷ್ಟ ಅಲ್ವಾ.”

ನನ್ನ ಕ್ಲಾಸಿನವರನ್ನೆಲ್ಲ ಹುಡುಕುತ್ತ ಹೋದೆ. ನವೀನ ಒಂದು ಮಹಡಿ ಕೆಳಗೆ ಇಳಿದಿದ್ದ, ಅಷ್ಟೆ: ಅದೇ ಲೇತಿನಲ್ಲಿ ಕೆಲಸ. ಎಡಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. “ಬೆರಳು ಎರಡು ಕಮ್ಮಿಯಾಗಿದೆ. ಅದನ್ನೂ ನಿನ್ ಲೆಕ್ಕಕ್ಕೆ ಸೇರಿಸ್ಕೋ,” ಎಂದು ನಕ್ಕ. ಲೆಕ್ಕದಲ್ಲಿ ನನ್ನನ್ನು ಯಾವಾಗಲೂ ಹಿಂದೆ ಹಾಕುತ್ತಿದ್ದ ಸುನಿಲನ ಅಪ್ಪ ಎರಡನೇ ಅಲೆಯಲ್ಲಿ ತೀರಿಕೊಂಡರು. ಅವನೀಗ ಬೈಕಿನಲ್ಲಿ ಮನೆಮನೆಗೆ ಊಟ ಮುಟ್ಟಿಸುತ್ತಾನೆ. ನಾನು ಬಿಕಾಂ ಓದುತ್ತಿದ್ದೇನೆ. ನನ್ನ ಅಪ್ಪ ಬದುಕಿದ್ದಾರೆ. ನಮ್ಮಿಬ್ಬರ ನಡುವೆ ಬೇರೆ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಭಾಗ್ಯಳ ಸುಳಿವು ಮಾತ್ರ ಯಾರಿಗೂ ಇರಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ವಿಚಾರಿಸಿದಾಗ ಅವಳಮ್ಮ, “ಅಜ್ಜಿ ಊರಿಗೆ ಹೋಗಿದಾಳೆ” ಎಂದಿದ್ದರು. ಅಜ್ಜಿ ಊರಿನಲ್ಲಿ ಅವಳಿಗೆ ಮದುವೆ ಮಾಡಿದ್ದರು, ಹದಿನಾಲ್ಕನೇ ವಯಸ್ಸಿಗೆ; ಅದು ನನಗೆ ಗೊತ್ತಾದದ್ದು ಆಮೇಲೆ. ಅವಳು ಕೆಂಗೇರಿ ಬಸ್ ನಿಲ್ದಾಣದ ಹತ್ತಿರ ಹೂ ಮಾರುವುದನ್ನು ಕೊನೆಗೆ ಸುನಿಲನೇ ನೋಡಿ ಹೇಳಿದ. ಮೆಟ್ರೊ ಹಿಡಿದು ಹೋದೆ. ಮಡಿಲಲ್ಲಿ ಮಗು, ಬೆರಳುಗಳ ನಡುವೆ ದಾರ. ಭಾನುವಾರದ ವಿಷಯ ಹೇಳಿದೆ.

“ಲೋಟ ಇನ್ನೂ ಇದ್ಯಾ?” ಕಟ್ಟುತ್ತಿದ್ದ ಕೈ ನಿಂತಿತು. “ಬರ್ತೀನಿ ಕಣೇ. ಅತ್ತೇನ ಕೇಳ್ತೀನಿ. ಯಾರ ಕೈಗೂ ಕೊಡ್ಬೇಡ, ನಾನೇ ತಗೋಬೇಕು. ಆ ಮನೇಲಿ ನಂದು ಅನ್ನೋದು ಒಂದೂ ಇಲ್ಲ.”

ಭಾನುವಾರ ಹನ್ನೊಂದು ಜನ ಬಂದರು. ಮಿಸ್ ಪಾನಕ ಮಾಡಿದ್ದರು. ಮೀಸೆ ಬಂದ ಹುಡುಗರು ಆ ಪುಟ್ಟ ಲೋಟಗಳನ್ನು ಹಿಡಿದು ನಿಂತದ್ದನ್ನು ನೋಡಿ ನಗು ಬರಬೇಕಿತ್ತು. ಸಂಜೆಯವರೆಗೂ ಕಾದೆವು. ಭಾಗ್ಯ ಬರಲಿಲ್ಲ. ಮಿಸ್ ಅವಳ ಲೋಟವನ್ನು ಸೆರಗಿನಿಂದ ಒರೆಸಿ ನನ್ನ ಚೀಲಕ್ಕೆ ಹಾಕಿದರು.

ಮಾರನೆಯ ದಿನ ಮತ್ತೆ ಕೆಂಗೇರಿ. ಮನೆ ಹುಡುಕಿ ಬಾಗಿಲು ತಟ್ಟಿ, “ಭಾಗ್ಯ ಇದಾಳಾ ಆಂಟಿ?” ಎಂದೆ.

“ನಾನೇ ಭಾಗ್ಯಮ್ಮ. ಏನಮ್ಮಾ?” ಎಂದರು ಅವಳ ಅತ್ತೆ. ನಾನು ತಡವರಿಸಿದ್ದು ನೋಡಿ ನಕ್ಕರು. “ಓ, ಗೌರಿನಾ? ಒಂದೇ ಮನೇಲಿ ಇಬ್ರು ಭಾಗ್ಯ ಯಾಕೆ ಅಂತ ಮದ್ವೆ ದಿನಾನೇ ಹೆಸರು ಬದಲಾಯಿಸಿದ್ವಿ. ಬಾ, ಕೂತ್ಕೊ.”

ಕೆಟ್ಟವರಲ್ಲ. ಕಾಫಿಗೆ ಹಾಲಿಟ್ಟರು. “ನಿನ್ನೆ ಕೇಳಿದ್ಲು. ಭಾನುವಾರ ಹೂವಿನ ವ್ಯಾಪಾರ ಬಿಟ್ಟು ಸ್ಕೂಲಿಗೆ ಹೋಗ್ತೀನಿ ಅಂದ್ರೆ ಹೆಂಗಮ್ಮಾ? ಮಗು ಬೇರೆ,” ಎಂದರು. ಭಾಗ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಲೋಟ ತೆಗೆದು ಅವಳತ್ತ ಚಾಚಿದೆ. ಅತ್ತೆ ನಡುವೆಯೇ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಅಯ್ಯೋ, ನನ್ ಹೆಸ್ರು!” ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದರು. “ನೋಡೇ ಗೌರಿ. ಇಷ್ಟ್ ವರ್ಷ ಈ ಮನೇಲಿ ಪಾತ್ರೆ ತೊಳ್ದಿದೀನಿ, ಎಲ್ಲಾದ್ರ ಮೇಲೂ ಯಾರ್ಯಾರ್ದೋ ಹೆಸ್ರು. ನಂದು ಅಂತ ಒಂದಿರ್ಲಿಲ್ಲ.”

ನಾನು ಬಾಯಿ ತೆರೆದೆ. ಭಾಗ್ಯ ಬೇಡವೆಂದು ತಲೆಯಾಡಿಸಿದಳು. ಅತ್ತೆಯ ಕೈಯಿಂದ ಲೋಟ ಇಸಿದುಕೊಂಡು, ತೊಳೆದು, ಅದರಲ್ಲೇ ಅವರಿಗೆ ಕಾಫಿ ತಂದುಕೊಟ್ಟಳು.

ಬೀದಿಯ ತುದಿಯವರೆಗೂ ನನ್ನ ಜೊತೆ ಬಂದಳು. “ಬಿಡೇ. ಖುಷಿಯಾಗಿದಾರೆ. ಇವತ್ತೊಂದಿನ ಬಯ್ಯಲ್ಲ,” ಎಂದಳು. ಆಮೇಲೆ, “ಮಿಸ್‌ಗೆ ನಾನೇ ತಗೊಂಡೆ ಅಂತ ಹೇಳು.”

ಹಾಗೆಯೇ ಹೇಳಿದೆ. ದಿನಚರಿಯಲ್ಲೂ ‘ತಲುಪಿತು’ ಎಂದು ಬರೆದೆ.

ಮೊನ್ನೆ ಪಾತ್ರೆ ಅಂಗಡಿಯವರು ಕೊಳಗವನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ, “ಒಂದು ಲೋಟ ಕೊಡಿ, ಭಾಗ್ಯ ಅಂತ ಹಾಕಿ” ಎಂದೆ.

ಅಮ್ಮನಿಗೆ ಎಲ್ಲ ಗೊತ್ತು. “ಕೊಟ್ರೆ ಅದನ್ನೂ ಅವರತ್ತೆ ಇಟ್ಕೋತಾರಲ್ಲೇ?”

“ಕೊಡಲ್ಲ. ನಮ್ಮನೇಲೇ ಇರ್ಲಿ. ಅವಳು ಬಂದಾಗ ಬೇಕಲ್ಲ.”

ಅಮ್ಮ ಲೋಟದ ದುಡ್ಡನ್ನೂ ಸೇರಿಸಿ ಕೊಟ್ಟಳು. ಮನೆಗೆ ಬಂದು ‘ತಲುಪಿತು’ ಎಂಬುದನ್ನು ಹೊಡೆದುಹಾಕಿದೆ. ಹೊಸ ಲೋಟ ನನ್ನದರ ಪಕ್ಕದಲ್ಲಿ ಬೋರಲಾಗಿದೆ. ಇವತ್ತು ಬೆಳಿಗ್ಗೆ ಅಮ್ಮ ನೀರು ಕುಡಿಯಲು ಅದನ್ನೆತ್ತಿಕೊಂಡು, ಹೆಸರು ನೋಡಿ, ಮತ್ತೆ ಅಲ್ಲೇ ಇಟ್ಟಳು.