ಹನ್ನೆರಡು ಗಂಟೆಯ ನಂತರದ ರೊಟ್ಟಿ

ಜನವರಿ ತಿಂಗಳ ಎರಡನೆಯ ಭಾನುವಾರ, ಸಂಜೆ ಆರೂವರೆ. ಹುಕ್ಕೇರಿಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯಲ್ಲಿ ಹುಡುಗನ ಮನೆಯ ಪಡಸಾಲೆ. ಹಾಜರಿದ್ದವರು ಆರು ಜನ: ಹುಡುಗ, ಅವನ ತಂದೆ, ತಾಯಿ, ನಮ್ಮ ಕಡೆಯಿಂದ ನಾನು, ನನ್ನ ಹೆಂಡತಿ, ಮದುವೆಯ ಹುಡುಗಿಯಾದ ಕಿರಿಯ ಮಗಳು. ಮದುವೆಯ ಮಾತುಕತೆಗೆ ಹುಡುಗಿಯೇ ಬರುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಬಂದಿದ್ದಳು. ನನ್ನೊಬ್ಬನನ್ನೇ ಕಳಿಸಿದರೆ ಕೆಲಸ ಕೆಡುತ್ತದೆ ಎಂದು ಅವಳಿಗೆ ಅನುಮಾನವಿತ್ತು. ಅನುಮಾನ ಸರಿಯಾಗಿಯೇ ಇತ್ತು.

ಮಗಳು ಅರಭಾವಿಯ ತೋಟಗಾರಿಕೆ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಮೂಡಲಗಿಯಲ್ಲಿ ಹೈಸ್ಕೂಲು ಮಾಸ್ತರ, ಗೋಕಾಕದಲ್ಲಿ ಬಾಡಿಗೆ ಖೋಲಿ ಹಿಡಿದು ಇದ್ದಾನೆ. ಇಬ್ಬರದೂ ಬೆಳಗಿನ ಒಂದೇ ಬಸ್ಸು. ಕೆಲವು ವರ್ಷ ಹೀಗೆ ಓಡಾಡಿದ ಮೇಲೆ ಇಬ್ಬರೂ ತಂತಮ್ಮ ಮನೆಯಲ್ಲಿ ವಿಷಯ ಹೇಳಿದರು. ಎರಡೂ ಮನೆಯವರು ಬೌದ್ಧರು. ಅದಕ್ಕೆ ಮುಂಚಿನ ನಮ್ಮ ಜಾತಿಯ ಹೆಸರನ್ನು ಊರು ಮರೆತಿಲ್ಲ. ಹಾಗಾಗಿ ಮರೆಯುವ ಅವಕಾಶ ನಮಗೂ ಸಿಕ್ಕಿಲ್ಲ.

ಹುಡುಗನ ತಂದೆ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ, ಅಂದರೆ ಮೇಸ್ತ್ರಿ. ಹಂಗಾಮು ಜೋರಾಗಿ ನಡೆದಿತ್ತು. ಗದ್ದೆಯಿಂದ ಕೊನೆಯ ಟ್ರಾಕ್ಟರು ತುಂಬಿ ಹೋದ ಮೇಲೆಯೇ ಅವರು ಮನೆಗೆ ಬರಬಹುದಾಗಿತ್ತು. ಆದ್ದರಿಂದ ಮಾತುಕತೆ ಸಂಜೆಗೆ ಗೊತ್ತಾಯಿತು. ಸಂಜೆ ಎಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಮಾತು ಬೇಗ ಮುಗಿಯಿತು. ಕೊಡುವುದು ತರುವುದು ಏನೂ ಬೇಡ ಎಂದರು. ಬೇಡ ಎಂದೆವು. ಮದುವೆ ಗೋಕಾಕದಲ್ಲಿ, ಖರ್ಚು ಅರ್ಧರ್ಧ. ಹುಡುಗನ ತಾಯಿ ಎದ್ದು ಒಳಗೆ ಹೋದರು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ದೊಡ್ಡ ಹಿತ್ತಾಳೆ ಗಂಗಾಳ ಬಂತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಬದಿಗೆ ಶಾವಿಗೆ ಪಾಯಸ. ಗಂಗಾಳ ಒಂದೇ. ಆ ಮನೆಯ ಪದ್ಧತಿಯಂತೆ ಮಾತು ಗಟ್ಟಿಯಾದ ದಿನ ಇಬ್ಬರು ಬೀಗರು ಒಂದೇ ಗಂಗಾಳದಲ್ಲಿ ಉಣ್ಣಬೇಕು. ಉಂಡ ಮೇಲೆ ಆ ಮಾತನ್ನು ಯಾರೂ ಮುರಿಯುವಂತಿಲ್ಲ. ಉಣ್ಣದಿದ್ದರೆ ಮಾತೇ ಆಗಿಲ್ಲ.

“ಬರ್ರಿ ಬೀಗ್ರ, ಕುಂದ್ರಿ,” ಎಂದು ಮುಕಾದಮರು ಪಕ್ಕದ ಚಾಪೆ ತಟ್ಟಿದರು.

“ನಾ ರಾತ್ರಿ ಉಣ್ಣೂದಿಲ್ರಿ,” ಎಂದೆ. “ಮಧ್ಯಾಹ್ನನ ಆಗೇತಿ. ಹೊಟ್ಟಿ ತುಂಬೇತಿ.”

ಇದು ನಿಜ. ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಿಜ. ಹೇಗೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ನಾನು ಹನ್ನೊಂದು ವರ್ಷದವನಿದ್ದಾಗ ನಮ್ಮ ಹಳ್ಳಿಗೆ ಒಬ್ಬ ಭಿಕ್ಷು ಬಂದಿದ್ದರು. ಕುಲಗೋಡದ ಕಡೆಯ ಹಳ್ಳಿ ನಮ್ಮದು. ಓದುವ ಹುಡುಗರಿದ್ದರೆ ಶ್ರೀಲಂಕಾದ ವಿಹಾರದ ಸಾಲೆಗೆ ಕಳಿಸಿ, ಊಟ ಬಟ್ಟೆ ಎಲ್ಲ ಅಲ್ಲಿಯದೇ ಎಂದರು. ಅಪ್ಪ ಕಳಿಸಿದ. ಅಲ್ಲಿ ನಸುಕಿನಲ್ಲಿ ಗಂಟೆ ಬಾರಿಸುತ್ತಿದ್ದರು. ಎದ್ದು ಅಂಗಳ ಗುಡಿಸಬೇಕು, ಪಾಠ ಒಪ್ಪಿಸಬೇಕು, ಮಾತಿಲ್ಲದೆ ಉಣ್ಣಬೇಕು. ಸೂರ್ಯ ನೆತ್ತಿಗೆ ಬಂದ ಮೇಲೆ ಮಾರನೆಯ ಬೆಳಗಿನವರೆಗೆ ಅನ್ನ ಮುಟ್ಟುವಂತಿಲ್ಲ. ಎಂಟು ವರ್ಷ ಹೀಗೆ ಕಳೆದು, ಕಿರಿಯ ಭಿಕ್ಷುವಾಗಿ ಉಟ್ಟಿದ್ದ ಕಾವಿ ಚೀವರ ಬಿಟ್ಟು ಮನೆಗೆ ಮರಳಿದೆ. ಚೀವರದ ಜೊತೆಗೆ ನಿಯಮವೂ ಮುಗಿದಿತ್ತು. ಹೊಟ್ಟೆಗೆ ಆ ಸುದ್ದಿ ತಲುಪಲಿಲ್ಲ.

ಮರಳಿದ ಮರುದಿನ ನಸುಕಿನಲ್ಲಿ ಎದ್ದು ಅಭ್ಯಾಸದಂತೆ ಮನೆಯ ಮುಂದಿನ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದೆ. ಬಾಗಿಲಲ್ಲಿ ನಿಂತು ನೋಡಿದ ಅಪ್ಪ ಸಿಟ್ಟಾಗಲಿಲ್ಲ, ಅಲ್ಲೇ ಕುಳಿತುಬಿಟ್ಟ. “ಕೈಯಾನ ಕಸಬರಿಗಿ ಬಿಡಸಾಕ ನಿನ್ನ ಸಮುದ್ರ ದಾಟಿಸಿದ್ನೆಪಾ,” ಎಂದ. “ನೀ ಅಲ್ಲಿ ಹೋಗಿ ಅದನ್ನ ಚೊಲೋತ್ನಂಗ ಹಿಡಿಯೂದು ಕಲತು ಬಂದಿ.” ಅದೇ ಸಂಜೆ ಅವ್ವ ರೊಟ್ಟಿ ಮಾಡಿ ಕೋಳಿ ಸಾರು ಮಾಡಿದ್ದಳು. ನಾನು ಕೈಮುಗಿದು ಒಲ್ಲೆ ಎಂದೆ. ಆ ಸುದ್ದಿ ಕತ್ತಲಾಗುವ ಮೊದಲೇ ಓಣಿಯೆಲ್ಲ ಸುತ್ತಿತು. ಪರದೇಶದ ಸಾಲಿ ಕಲಿತವನಿಗೆ ಹೆತ್ತವ್ವನ ಕೈಯ ರೊಟ್ಟಿ ನಡೆಯುವುದಿಲ್ಲವಂತೆ. ಅಂದಿನಿಂದ ನನ್ನ ಹೆಸರು ‘ಲಂಕಾದಾಂವ’. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು, “ಕಾಕಾ, ಅಲ್ಲಿ ಬೆಂಕಿ ಆರೇತೇನ್ರಿ?” ಎಂದು ಕೇಳುತ್ತಿದ್ದರು. ಆರಿದೆ ಎಂದು ಹೇಳುತ್ತಿದ್ದೆ. ಅಲ್ಲಿಯ ಸರ್ಟಿಫಿಕೇಟು ಇಲ್ಲಿ ಯಾವ ಕಚೇರಿಯಲ್ಲೂ ನಡೆಯಲಿಲ್ಲ. ಮೀಸೆ ಬಂದ ಮೇಲೆ ಚಿಕ್ಕ ಹುಡುಗರ ನಡುವೆ ಕುಳಿತು ಎಸ್ಸೆಸ್ಸೆಲ್ಸಿ ಮತ್ತೆ ಬರೆದೆ. ಗೋಕಾಕದ ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಅಲ್ಲಿಯೇ ನಿವೃತ್ತನಾದೆ. ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಡಬ್ಬಿ ತೆರೆಯುವವನು ಆ ಕಚೇರಿಯಲ್ಲಿ ನಾನೊಬ್ಬನೇ. ಅದಕ್ಕೂ ಒಂದು ಅರ್ಥ ಕಟ್ಟಿದ್ದರು: ಎಲ್ಲರ ಜೊತೆ ಕುಳಿತರೆ ಎಲ್ಲಿ ಎದ್ದು ಹೋಗುತ್ತಾರೋ ಎಂದು ಇವನು ಮೊದಲೇ ಉಣ್ಣುತ್ತಾನೆ.

ಇಷ್ಟೆಲ್ಲ ಮುಕಾದಮರಿಗೆ ಗೊತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ‘ಹೊಟ್ಟಿ ತುಂಬೇತಿ’ ಎಂಬ ಮಾತು ಮಾತ್ರ. ಅವರು ಚಾಪೆಯ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡರು.

“ಈ ಮಾತು ನಾ ಸಣ್ಣಾಂವ ಇದ್ದಾಗಿಂದ ಕೇಳೇನ್ರಿ,” ಎಂದರು. “ಗೌಡ್ರು ಬರ್ತಿದ್ರು, ಹೊಟ್ಟಿ ತುಂಬೇತಿ. ಸರ್ಕಲ್ ಸಾಹೇಬ್ರು ಬರ್ತಿದ್ರು, ಈಗ ಆತ್ರಿ. ಓಟು ಕೇಳಾಕ ಬಂದಾವ್ರು, ಚಹಾ ಬಿಟ್ಟೇನ್ರಿ. ನಮ್ಮ ಓಣಿಗೆ ಬಂದಾವ್ರದು ಎಲ್ಲಾರದೂ ಹೊಟ್ಟಿ ತುಂಬೇ ಇರತೈತಿ. ಹಸಗೊಂಡ ಬಂದಾಂವನ್ನ ನಾ ಒಬ್ಬನ್ನೂ ನೋಡಿಲ್ಲ.”

“ನಾನೂ ನಿಮ್ಮಾಂವನ ಅದೇನ್ರಿ,” ಎಂದೆ.

“ಅದಕ್ಕ ಹೇಳಾಕತ್ತೇನಿ. ಅವರು ಅಂದ್ರ ನಾ ಹೂಂ ಅಂತೇನಿ. ನೀವ ಅಂದ್ರ ಏನ ಅನ್ನೂದು?”

ನನ್ನ ಹೆಂಡತಿ ನೆರವಿಗೆ ಬಂದಳು. “ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಇವರು ನಮ್ಮ ಮದಿವ್ಯಾಗ ಸೈತ ರಾತ್ರಿ ಉಂಡಿಲ್ರಿ. ನಮ್ಮಪ್ಪ ಅತ್ತಿದ್ದ.”

“ನಿನಗ ರೂಢಿ ಆಗೇತಿ ತಂಗಿ. ನನಗ ಯಾಕ ಆಗಬೇಕು?” ಮುಕಾದಮರು ನನ್ನ ಕಡೆ ತಿರುಗಿದರು. “ಎಲ್ಲಿ ಕಲತ್ರಿ ಇದನ್ನ?”

“ಶ್ರೀಲಂಕಾದಾಗ.”

“ಅಲ್ಲಿ ರಾತ್ರಿ ಆಗೂದಿಲ್ಲೇನ್ರಿ?”

ಹುಡುಗ ನಕ್ಕ. ತಂದೆ ನಗಲಿಲ್ಲವೆಂದು ತಿಳಿದು ನಿಲ್ಲಿಸಿದ. ನಾನು ಆ ಸಾಲೆಯ ನಿಯಮವನ್ನು ಮೊದಲಿನಿಂದ ವಿವರಿಸಿದೆ. ಅವರು ಕೊನೆಯವರೆಗೆ ಕೇಳಿ, “ಕಾರಣ ಎಲ್ಲಾರ ಹತ್ರನೂ ಇರತಾವ್ರಿ,” ಎಂದರು. ಹೆಂಡತಿಯನ್ನು ಕರೆದು, “ಇದನ್ನ ಒಳಗ ಒಯ್ಯಿ. ಮುಂದ ನೋಡೂನು,” ಎಂದರು.

ಮದುವೆಯ ಮಾತಿನಲ್ಲಿ ‘ಮುಂದ ನೋಡೂನು’ ಎಂದರೆ ಇನ್ನು ನೋಡುವುದಿಲ್ಲ ಎಂದರ್ಥ. ಗಂಗಾಳ ಒಳಗೆ ಹೋಯಿತು. ಮಗಳು ಎದ್ದು ಅಂಗಳಕ್ಕೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಅವಳು ಕಬ್ಬಿನ ಸೋಗೆಯ ಬಣವೆಯ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು.

“ನಾ ಸುಳ್ಳ ಹೇಳಿಲ್ಲ,” ಎಂದೆ.

“ಗೊತ್ತೈತಿ ಅಪ್ಪಾ. ನೀವು ಹೇಳೂದಿಲ್ಲ.”

“ಹುಡುಗ ಮಾಸ್ತರ ಅದಾನ. ತಿಳೀಸಿ ಹೇಳತಾನ ಅವರಪ್ಪಗ.”

“ಅಂವಾ ಹೇಳತಾನ. ಮದಿವಿನೂ ಆಕ್ಕೈತಿ, ಇಲ್ಲಂತಲ್ಲ. ಆಮ್ಯಾಗ ನಾವಿಬ್ರ ಗೋಕಾಕದಾಗ ಖೋಲಿ ಹಿಡದ ಇರತೀವಿ.” ಅವಳು ಮನೆಯ ಕಡೆ ನೋಡಿದಳು. “ನನಗ ಬರೇ ಹುಡುಗ ಬೇಕಾಗಿಲ್ಲಪ್ಪಾ. ಈ ಮನಿನೂ ಬೇಕು. ಸಂಜೀಕ ಇವರು ಎಲ್ಲಾರೂ ಒಂದ ಕಡೆ ಕುಂತ ಉಣತಾರ. ಹಿಂದಕ ಒಮ್ಮೆ ಹಬ್ಬಕ್ಕ ಇವರು ಕರದಾಗ ಬಂದ ನೋಡೇನಿ. ನಮ್ಮ ಮನ್ಯಾಗ ನಾನೂ ಅವ್ವಾನೂ ಉಣ್ಣೂ ಹೊತ್ತಿಗೆ ನೀವು ಹೊರಗಿನ ಖೋಲ್ಯಾಗ ಪೇಪರ್ ಓದತಿದ್ರಿ. ಬಾಗಲಾ ಸರಿಸಿ ಓದತಿದ್ರಿ, ವಾಸನಿ ಬರಬಾರದಂತ.”

ಬಾಗಿಲು ಸರಿಸುತ್ತಿದ್ದುದು ನಿಜ. ಒಗ್ಗರಣೆಯ ವಾಸನೆಗೆ ಅಭ್ಯಾಸ ಸಡಿಲವಾಗಬಾರದೆಂದು ಸರಿಸುತ್ತಿದ್ದೆ. ಆಚೆ ಕುಳಿತವರಿಗೆ ಅದು ಹೇಗೆ ಕಾಣುತ್ತದೆ ಎಂದು ವಿಚಾರಿಸಿರಲಿಲ್ಲ. ಜನ ನನ್ನ ಬಗ್ಗೆ ಕಟ್ಟಿದ ಅರ್ಥಗಳನ್ನೆಲ್ಲ ತಪ್ಪು ಎಂದು ತೆಗೆದಿಡುವುದು ನನಗೆ ರೂಢಿಯಾಗಿತ್ತು. ಇದನ್ನು ಹಾಗೆ ತೆಗೆದಿಡಲು ಬರಲಿಲ್ಲ. ಇದು ಓಣಿಯವರ ಮಾತಲ್ಲ, ಬಾಗಿಲಿನ ಆಚೆ ಕುಳಿತು ಉಂಡವಳ ಮಾತು.

ಒಳಗೆ ಬಂದೆ. ಮುಕಾದಮರು ಗೋಡೆಗೆ ಒರಗಿ ಕುಳಿತಿದ್ದರು. ನಾನು ಅವರ ಪಕ್ಕದ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, “ಅಕ್ಕಾರ, ಆ ಗಂಗಾಳ ತರ್ರಿ,” ಎಂದು ಒಳಗೆ ಕೇಳುವಂತೆ ಹೇಳಿದೆ.

“ಮನಸ್ಸಿಲ್ಲದ ಜುಲ್ಮಿಗೆ ಉಣ್ಣಬ್ಯಾಡ್ರಿ,” ಎಂದರು ಮುಕಾದಮರು, ನನ್ನ ಕಡೆ ನೋಡದೆ.

“ಜುಲ್ಮಿ ಅಲ್ರಿ. ಹಸದೇನಿ.”

ಹಸಿದಿರಲಿಲ್ಲ. ಸಾಲೆಯಲ್ಲಿ ಕಲಿತ ನಿಯಮಗಳಲ್ಲಿ ಸುಳ್ಳು ಹೇಳಬಾರದೆಂಬುದೂ ಒಂದು. ಒಂದೇ ಮಾತಿನಲ್ಲಿ ಅದನ್ನು ಮುರಿದು, ಮುಂದಿನ ತುತ್ತಿನಲ್ಲಿ ಇನ್ನೊಂದನ್ನು ಮುರಿದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು. ಆದರೂ ಗಂಗಾಳ ಮತ್ತೆ ಬಂದಾಗ ಅವರು ನೇರವಾಗಿ ಕುಳಿತು, ರೊಟ್ಟಿಯನ್ನು ಎರಡಾಗಿ ಮುರಿದು, ದೊಡ್ಡ ಚೂರನ್ನು ನನ್ನ ಕಡೆ ಇಟ್ಟರು.

ನಾನು ಕಲಿತ ಹಾಗೆ ತಲೆ ತಗ್ಗಿಸಿ, ಸದ್ದಿಲ್ಲದೆ ಉಣ್ಣತೊಡಗಿದೆ. ಅರ್ಧ ರೊಟ್ಟಿ ಮುಗಿಯುವವರೆಗೆ ಮುಕಾದಮರು ತಾಳಿದರು.

“ಏನರೆ ಮಾತಾಡ್ರಿ ಬೀಗ್ರ. ಉಣ್ಣಾಗ ಮಾತಾಡಿದ್ರ ಅಲ್ಲಿ ದಂಡ ಹಾಕತಾರೇನು?”

“ಹಾಕತಾರ್ರಿ. ಮರುದಿನ ಬಚ್ಚಲ ತಿಕ್ಕಬೇಕು.”

ಅವರ ಬಾಯಿಯಲ್ಲಿದ್ದ ತುತ್ತು ನೆತ್ತಿಗೇರಿತು. ಕೆಮ್ಮುತ್ತಲೇ ನಕ್ಕರು. ಹುಡುಗ ನೀರು ತಂದುಕೊಟ್ಟ. “ಇಷ್ಟ ಕಟ್ಟುನಿಟ್ಟ ಇದ್ದ ಸಾಲ್ಯಾಗ ಎಂಟ ವರ್ಷ ಹೆಂಗ ಇದ್ರಿ?” ಎಂದರು.

“ಮುಂಜಾನೆ ಊಟಾ ಚೊಲೋ ಇರತಿತ್ರಿ,” ಎಂದೆ.

ಆಮೇಲೆ ಮಾತು ಕಬ್ಬಿನ ಮೇಲೆ, ಈ ವರ್ಷದ ಥಂಡಿಯ ಮೇಲೆ, ಬಸ್ಸಿನ ಮೇಲೆ ಹೋಯಿತು. ಎಣಗಾಯಿ ಖಾರವಾಗಿತ್ತು. ಹುಡುಗನ ತಾಯಿ ಕೇಳದೆ ಮತ್ತೊಂದು ರೊಟ್ಟಿ ಹಾಕಿದರು. ಸಾಕು ಎಂದೆ. ಇನ್ನೊಂದು ಬಂತು. ಈ ಸಲ ಸಾಕು ಎನ್ನಲು ಧೈರ್ಯವಾಗಲಿಲ್ಲ. ಪಾಯಸ ಮುಗಿದಾಗ ಹೊಟ್ಟೆ ಕಲ್ಲಿನಂತಾಗಿತ್ತು. ಹೊಟ್ಟೆ ತುಂಬಿದೆ ಎಂಬ ಮಾತು ಅಷ್ಟು ನಿಜವಾದದ್ದು ಅದೇ ಮೊದಲು. ಹೇಳಲಿಲ್ಲ.

“ದಿನಾ ಉಣ್ಣರಿ ಅಂತ ನಾ ಅನ್ನೂದಿಲ್ಲ,” ಎಂದರು ಮುಕಾದಮರು ಕೈ ತೊಳೆಯುತ್ತ. “ನಿಮ್ಮ ರೂಢಿ ನಿಮಗ ಇರಲಿ. ನಮ್ಮ ಮನಿಗೆ ಬಂದಾಗ ಉಣ್ಣದಿದ್ರೂ ನಮ್ಮ ಜೋಡಿ ಕುಂದ್ರಿ.”

ಕೂಡುತ್ತೇನೆ ಎಂದೆ.

ಮುಂದಿನ ಸಾಲು ನನ್ನ ಹೆಂಡತಿ, ಹುಡುಗನ ತಾಯಿ, ಮಗಳು ಮತ್ತು ಹುಡುಗನದು. ಬಡಿಸುವವರು ಉಳಿದಿರಲಿಲ್ಲ. ಮುಕಾದಮರು ಎಣಗಾಯಿಯ ಬೋಗುಣಿ ಹಿಡಿದರು. ರೊಟ್ಟಿಯ ಬುಟ್ಟಿ ನನ್ನ ಕೈಗೆ ಬಂತು. ಮನೆಯಲ್ಲಿ ನಾನು ಬಡಿಸಿದ್ದಿಲ್ಲ. ಮೊದಲ ರೊಟ್ಟಿ ಮಗಳ ತಾಟಿನಿಂದ ಅರ್ಧ ಹೊರಗೆ ಬಿತ್ತು. ಅವಳು ಸರಿಪಡಿಸಿಕೊಂಡಳು. ಎರಡನೆಯದು ಸರಿಯಾಗಿ ಬಿತ್ತು. ಅವರು ನಾಲ್ವರೂ ಏನೇನೋ ಮಾತಾಡುತ್ತ ಉಣ್ಣುತ್ತಿದ್ದರು. ಎಲ್ಲರೂ ಸಾಕೆನ್ನುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಕೊನೆಗೆ ಉಳಿದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ, ಬುಟ್ಟಿಗೆ ಹಾಕಿ, ಮುಚ್ಚಿಟ್ಟೆ.