ಅಂಗೈಯ ಕಲ್ಲಿದ್ದಲು

ಇವತ್ತು ಶನಿವಾರ, ಮುಂಜಾನೆ ಶಾಲೆ. ಎದ್ದು ಅಂಗಳ ಗುಡಿಸಿದೆ, ನಳದ ನೀರು ಹಿಡಿದೆ, ರೊಟ್ಟಿ ಬಡಿದು ಬುಟ್ಟಿಗೆ ಹಾಕಿದೆ, ಅತ್ತೆಯ ಕಣ್ಣಿಗೆ ಹನಿ ಬಿಟ್ಟೆ, ಪುಂಡಿಸೊಪ್ಪು ಸೋಸಿಟ್ಟೆ. ಬಸ್ಸಿನಲ್ಲಿ ಕಲ್ಲೂರಿಗೆ ಹೋಗಿ ಏಳನೆಯ ತರಗತಿಗೆ ಮುಗಿಯುವ ಇಂಧನ, ಮುಗಿಯದ ಇಂಧನಗಳ ಪಾಠ ಮಾಡಿದೆ. ಶಾಲೆ ಬಿಟ್ಟ ಮೇಲೆ ರಾಯಚೂರಿನ ಮನೆಗೆ ನೇರ ಬರಲಿಲ್ಲ. ಕಲ್ಮಲದಲ್ಲಿ ಇಳಿದು, ಗಬ್ಬೂರಿನ ಬಸ್ಸು ಹಿಡಿದು, ಅಲ್ಲಿ ಸಂಸಾರ ಮಾಡಿಕೊಂಡಿರುವ ಹುಸೇನಮ್ಮನಿಗೆ ಅವಳ ಓದು ಕೆಡಿಸಿದವಳು ನಾನೇ ಎಂದು ಹೇಳಿ ಬಂದೆ.

ಹೌದು, ನಾನೇ. ಇಷ್ಟು ವರ್ಷ ಅವಳು ನನ್ನನ್ನು ತನ್ನ ಪರವಾಗಿ ಬಡಿದಾಡಿದ ಟೀಚರ್ ಎಂದುಕೊಂಡಿದ್ದಳು. ಹಾಗೆ ನಂಬಿಸಿದವಳೂ ನಾನೇ.

ಆಗ ನಾನು ರಾಯಚೂರಿನ ಅಂಚಿಗೆ, ರೈಲು ಹಳಿಯ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹುಸೇನಮ್ಮ ಏಳನೆಯ ತರಗತಿ. ಅವಳ ತಾಯಿ ದುರುಗಮ್ಮ ಕೂಲಿ ಮಾಡುವವಳು, ಗಂಡ ಇರಲಿಲ್ಲ. ಮೊಹರಂ ಪೀರಲದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗಳು, ಅದಕ್ಕೇ ಆ ಹೆಸರು. ತರಗತಿಯಲ್ಲಿ ಅವಳಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ — ಇದನ್ನು ಈಗ ಬರೆಯುವುದು ಸುಲಭ, ಆಗ ಬಾಯಿಬಿಟ್ಟು ಹೇಳಬೇಕಿತ್ತು.

ನಮ್ಮ ಶಿಕ್ಷಕರಲ್ಲಿ ಒಂದು ರೂಢಿ ಇದೆ. ಪಾಠಕ್ಕೆ ಬೇಕಾದದ್ದನ್ನೆಲ್ಲ ಮಕ್ಕಳಿಂದಲೇ ತರಿಸುತ್ತೇವೆ — ಹೂವು, ಬೀಜ, ದಾರ, ಖಾಲಿ ಡಬ್ಬಿ. ಖರ್ಚಿಲ್ಲದ ಪಾಠೋಪಕರಣ ಎನ್ನುತ್ತೇವೆ. ಖರ್ಚು ನಮಗಿಲ್ಲ, ಅಷ್ಟೇ. ಆ ವರ್ಷ ಇಂಧನದ ಪಾಠವನ್ನೇ ಪ್ರದರ್ಶನಕ್ಕೆ ಆರಿಸಿಕೊಂಡಿದ್ದೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಎರಡು ದೊಡ್ಡ ವೃತ್ತ. ಒಂದರಲ್ಲಿ ಬಳಸಿದಷ್ಟೂ ಮತ್ತೆ ಸಿಗುವವು, ಇನ್ನೊಂದರಲ್ಲಿ ಒಮ್ಮೆ ಉರಿದರೆ ಮುಗಿದೇಹೋಗುವವು. ಮಕ್ಕಳು ತಮ್ಮ ತಮ್ಮ ಮನೆಯಿಂದ ತಂದದ್ದನ್ನು ಸರಿಯಾದ ವೃತ್ತದಲ್ಲಿಡಬೇಕು. ಹತ್ತಿಕಟ್ಟಿಗೆ ಬಂತು, ಸಗಣಿಯ ಕುಳ್ಳು ಬಂತು, ಬಾಟಲಿಯ ತಳದಲ್ಲಿ ಸೀಮೆಎಣ್ಣೆ ಬಂತು. ಸೂರ್ಯನಿಗೆಂದು ಒಬ್ಬ ಕನ್ನಡಿ ತಂದ. ಕಲ್ಲಿದ್ದಲು ಮಾತ್ರ ಯಾರೂ ತರಲಿಲ್ಲ. ಇಸ್ತ್ರಿ ಬಂಡಿಯಿಂದ ಕಟ್ಟಿಗೆಯ ಇದ್ದಿಲು ತಂದು, ಇದೇ ಕಲ್ಲಿದ್ದಲು ಎಂದು ವಾದಿಸಿದರು.

ನನಗೆ ನಿಜವಾದದ್ದೇ ಬೇಕಿತ್ತು. ಕಲ್ಲಿದ್ದಲು ತುಂಬಿದ ಗೂಡ್ಸು ರೈಲುಗಳು ದಿನವೂ ಹುಸೇನಮ್ಮನ ಮನೆಯ ಹಿಂದೆಯೇ ಹಾಯುತ್ತಿದ್ದವು. ಬಿದ್ದ ಚೂರುಗಳನ್ನು ದುರುಗಮ್ಮ ನಸುಕಿನಲ್ಲಿ ಆಯ್ದು ಒಲೆಗೆ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಅದು ಮುಚ್ಚಿಟ್ಟು ಮಾಡುವ ಕೆಲಸವೆಂದೂ —

ಗೊತ್ತಿತ್ತು. ‘ಹೊಳೆಯಲಿಲ್ಲ’ ಎಂದು ಬರೆಯಹೊರಟಿದ್ದೆ. ಅದು ಸುಳ್ಳು.

ಅವಳೊಬ್ಬಳನ್ನೇ ಕರೆದು ಹೇಳಿದೆ. “ಮುಷ್ಟಿಯಷ್ಟು ದೊಡ್ಡದು ತಗೊಂಡು ಬಾ. ಸಣ್ಣವು ಕಾಣಂಗಿಲ್ಲ.”

“ನಮ್ಮವ್ವ ಬೈತಾಳ್ರಿ ಟೀಚರ್. ಹೊರಗ ಯಾರಿಗೂ ತೋರ್ಸಬ್ಯಾಡ ಅಂದಾಳ.”

“ಅವ್ವಗ ಯಾಕ ಹೇಳ್ತಿ? ನಾ ಅದೀನಲ್ಲ.”

ನಾ ಅದೀನಲ್ಲ — ಎಂಥ ಮಾತು.

ಪ್ರದರ್ಶನದ ದಿನ ಅವಳು ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದಳು. ಕಲ್ಲಿದ್ದಲನ್ನು ಅಂಗೈಯಲ್ಲಿ ಹಿಡಿದು ಎರಡನೆಯ ವೃತ್ತದ ನಡುವೆ ನಿಂತಳು. ಇಲಾಖೆಯ ಪರಿವೀಕ್ಷಕರಿದ್ದರು; ಬಹುಮಾನ ಕೊಡಲು ನಗರದ ಒಂದು ಟ್ರಸ್ಟಿನವರಿದ್ದರು; ಪಾಲಕರ ಸಾಲಿನಲ್ಲಿ ಹಳಿಯ ಮೇಲೆ ಕಾವಲು ಕೆಲಸ ಮಾಡುವವನೊಬ್ಬ ಇದ್ದ. “ಇದು ಹಳೇ ಕಾಲದ ಗಿಡಗಳು ನೆಲದಾಗ ಹೂತು ಆಗಿದ್ದು. ಒಂದು ಸಲ ಸುಟ್ರ ಮುಗೀತು. ನಾವು, ನಮ್ಮ ಮಕ್ಕಳು, ಯಾರು ಕಾದ್ರೂ ಮತ್ತ ಆಗಂಗಿಲ್ಲ” ಎಂದು ತಡವರಿಸದೆ ಹೇಳಿದಳು. ಚಪ್ಪಾಳೆ ಬಿತ್ತು.

ಕಾವಲಿನವನು ಎದ್ದು ಬಂದು ಆ ತುಂಡನ್ನು ತಿರುಗಿಸಿ ನೋಡಿದ. “ಇದು ಗೂಡ್ಸಿನ ಮಾಲು ಅಲ್ಲೇನ್ರಿ? ಎಲ್ಲಿಂದ ಬಂತು?”

ಪರಿವೀಕ್ಷಕರು ನನ್ನನ್ನು ನೋಡಿದರು. ಹುಸೇನಮ್ಮನೂ ನನ್ನನ್ನೇ ನೋಡಿದಳು.

“ನನಗ ಗೊತ್ತಿಲ್ರಿ ಸರ್,” ಎಂದೆ. “ಆಕಿ ಎಲ್ಲಿಂದ ತಂದಾಳೋ ಏನೋ. ನಾ ತರಾಕ ಹೇಳಿಲ್ಲ.”

ಅವಳು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ — ಇಲ್ಲ, ತೆರೆದಿದ್ದರೂ ನಾನು ಅವಳನ್ನೇ ಸುಳ್ಳಿ ಎನ್ನುತ್ತಿದ್ದೆ. ಹಿಂದಿನಿಂದ ಯಾರೋ ಹುಡುಗ “ಇದ್ದಲಗಳ್ಳಿ” ಎಂದ. ಮಕ್ಕಳು ನಕ್ಕರು. ನಾನೂ ನಕ್ಕೆ, ತುಸುವೇ, ದೊಡ್ಡವರು ಮಕ್ಕಳ ಮಾತಿಗೆ ನಗುವ ಹಾಗೆ. ಗಂಟೆ ಹೊಡೆಯುವವರೆಗೂ ಅವಳನ್ನು ಆ ವೃತ್ತದಿಂದ ಆಚೆ ಕರೆಯಲಿಲ್ಲ. ಕೈ ಚಾಚಿಕೊಂಡೇ ನಿಂತಿದ್ದಳು, ಇಳಿಸು ಎಂದು ಯಾರೂ ಹೇಳಿರಲಿಲ್ಲವಲ್ಲ.

ಬಹುಮಾನ ನನಗೇ ಬಂತು, ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ. ಇವತ್ತಿಗೂ ಅದರಲ್ಲಿ ಬೆಲ್ಲ ಇಡುತ್ತೇನೆ.

ಅವತ್ತೇ ಸಂಜೆ ಕಾವಲಿನವರು ದುರುಗಮ್ಮನ ಗುಡಿಸಲಿಗೆ ಹೋಗಿ ಇದ್ದ ಚೂರುಗಳನ್ನೆಲ್ಲ ಬಳಿದುಕೊಂಡು ಹೋದರಂತೆ. ತಾಯಿ ಮಗಳನ್ನು ಒಲೆಯ ಕಟ್ಟಿಗೆಯಿಂದಲೇ ಹೊಡೆದಳು. ಮರುದಿನ ಹುಸೇನಮ್ಮ ಊದಿದ ಮೊಣಕೈ ಇಟ್ಟುಕೊಂಡು ಶಾಲೆಗೆ ಬಂದು, ತನ್ನ ಜಾಗದಲ್ಲಿ ಕುಳಿತು, ನಾನು ಬೋರ್ಡಿನ ಮೇಲೆ ಬರೆದದ್ದನ್ನು ಬರೆದುಕೊಂಡಳು. ಒಂದು ಮಾತು ಆಡಲಿಲ್ಲ. ಆ ಸುಮ್ಮನಿರುವಿಕೆ ನನಗೆ ಸಹಿಸಲಾಗಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಇಷ್ಟು ಮಾತ್ರವಾಗಿದ್ದರೆ ಹೇಡಿತನ ಎಂದು ಕರೆದು ಮುಗಿಸಬಹುದಿತ್ತು. ಮುಂದಿನದನ್ನು ನಾನು ಯೋಚಿಸಿಯೇ ಮಾಡಿದೆ.

ಅದೇ ಟ್ರಸ್ಟಿನವರಿಗೆ ಹೆಣ್ಣುಮಕ್ಕಳ ವಸತಿ ಶಾಲೆಯೊಂದಿತ್ತು. ಊಟ, ಬಟ್ಟೆ, ಓದು ಎಲ್ಲ ಅವರದೇ. ನಮ್ಮ ಶಾಲೆಯಿಂದ ಒಬ್ಬಳನ್ನು ಕಳಿಸಿ ಎಂದಿದ್ದರು. ಹೆಡ್‌ಮಾಸ್ತರರು ನನ್ನನ್ನು ಕರೆದರು. “ಓದಿನ್ಯಾಗ ಹುಸೇನಮ್ಮನೇ ಮುಂದದಾಳ. ಆ ಇದ್ದಲದ ಮಾತು ಹುಡುಗಾಟ ಅಂತ ಬಿಡೋಣು. ನೀವೇನಂತೀರಿ ಟೀಚರ್?”

ಅವರು ಬಿಡಲು ಸಿದ್ಧರಿದ್ದರು. ನನಗೆ ಹೊಳೆದದ್ದು ಒಂದೇ: ಅಲ್ಲಿ ಹೋಗಿ ಬೆಳೆದು, ಬಾಯಿ ಬಂದ ಮೇಲೆ, ಬಹುಮಾನ ಕೊಟ್ಟವರ ಮುಂದೆಯೇ ಇವಳು ನಿಜ ಹೇಳಿದರೆ?

“ಕೈ ಸ್ವಚ್ಛ ಇಲ್ದಾಕಿನ್ನ ಅಲ್ಲಿಗಿ ಕಳ್ಸಿದ್ರ ನಮ್ಮ ಸಾಲಿ ಹೆಸರು ಕೆಡ್ತದ್ರಿ ಸರ್,” ಎಂದೆ.

ಟ್ರಸ್ಟಿಗೆ ಇನ್ನೊಬ್ಬಳ ಹೆಸರು ಹೋಯಿತು. ಹುಸೇನಮ್ಮನನ್ನು ಕರೆದು, ತಲೆ ಸವರಿ, “ನಿನ್ನ ಸಲುವಾಗಿ ಭಾಳ ಬಡಿದಾಡಿನಿ ಯವ್ವಾ, ಅವ್ರು ಕೇಳಲಿಲ್ಲ” ಎಂದೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಆ ಬೇಸಿಗೆಯಲ್ಲೇ ಶಾಲೆ ಬಿಟ್ಟಳು.

ಮೊನ್ನೆ ಮೊನ್ನೆ ಕಲ್ಮಲದಲ್ಲಿ ಬಸ್ಸಿಗೆ ನಿಂತಿದ್ದೆ. ಹತ್ತಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡ ಟಂಟಂ ಆಟೋ ಬಂದು ನಿಂತಿತು. ಒಬ್ಬಳು ಜಿಗಿದಿಳಿದು “ಟೀಚರ್, ನಾನ್ರೀ, ಹುಸೇನಿ” ಎಂದಳು. ಉಳಿದವರ ಕಡೆ ತಿರುಗಿ, “ಇವ್ರೇ ನೋಡ್ರೆವ್ವಾ, ನನಗಾಗಿ ಜಗಳ ತಗದಿದ್ದ ಟೀಚರ್” ಎಂದಳು. “ಹಂಗಾರ ನಿನ್ನ ಗಂಡನ ಮ್ಯಾಲೂ ಒಂದು ಜಗಳ ತಗೀಲಿ ಬಿಡು” ಎಂದು ಒಬ್ಬಾಕೆ ಅಂದಳು, ಎಲ್ಲರೂ ನಕ್ಕರು. ಹುಸೇನಮ್ಮನನ್ನು ಗಬ್ಬೂರಿಗೆ ಕೊಟ್ಟಿದ್ದಾರಂತೆ, ಮಗಳು ಈಗ ಏಳನೆಯ ತರಗತಿಯಂತೆ. ಅವಳನ್ನು ವಸತಿ ಶಾಲೆಗೆ ಸೇರಿಸಬೇಕಂತೆ. “ನೀವ ಒಂದು ಮಾತು ಹೇಳ್ರಿ ಟೀಚರ್. ನಿಮ್ಮ ಮಾತಿಗಿ ಬೆಲಿ ಅದ.”

ಆಮೇಲೆ ನನಗೆ ಅನ್ನ ಸೇರಲಿಲ್ಲ ಎಂದೇನೂ ಇಲ್ಲ. ಸೇರಿತು. ಆದರೆ ಇವತ್ತು ಕಲ್ಲೂರಿನಲ್ಲಿ ಅವೇ ಎರಡು ವೃತ್ತ ಬರೆದಾಗ ಎರಡನೆಯದನ್ನು ಕೂಡಿಸಲು ಕೈ ಬರಲಿಲ್ಲ. ಮಕ್ಕಳೇ ಕೂಡಿಸಿದರು.

ಗಬ್ಬೂರಿನಲ್ಲಿ ಅವಳ ಮನೆಯ ಹೊಸ್ತಿಲ ಹೊರಗೆ ದುರುಗಮ್ಮ ಶೇಂಗಾ ಸುಲಿಯುತ್ತ ಕುಳಿತಿದ್ದಳು, ಮುದುಕಿಯಾಗಿದ್ದಾಳೆ. ನನ್ನ ಗುರುತು ಸಿಗಲಿಲ್ಲ. ಹುಸೇನಮ್ಮ ಚಾಪೆ ಹಾಸಿ, ಚಹಾ ತಂದಿಟ್ಟಳು. ಲೋಟ ಮುಟ್ಟುವ ಮೊದಲೇ ಹೇಳಿದೆ. ಕಾವಲಿನವನ ಮುಂದೆ ಆಡಿದ್ದು ಅವಳಿಗೆ ಗೊತ್ತೇ ಇತ್ತು. ಹೆಡ್‌ಮಾಸ್ತರರ ಮುಂದೆ ಆಡಿದ್ದನ್ನು ಹೇಳಿದೆ, ಅಕ್ಷರ ಬಿಡದೆ.

ಅವಳು ಅಳಲಿಲ್ಲ.

“ಅವತ್ತಿನ ಮಾತು ಅಂಜಿ ಆಡಿದ್ರಿ ಅಂತ ನಾ ಅವತ್ತೇ ಬಿಟ್ಟಿದ್ನಿ,” ಎಂದಳು. “ಇದನ್ನ ಬಿಡಾಕ ಬರಂಗಿಲ್ರಿ.”

ನಾನು ಏನೋ ಹೇಳಹೋದೆ.

“ನನ್ನ ಮಗಳ ಸಲುವಾಗಿ ಯಾರ ಮುಂದೂ ಬಾಯಿ ತಗೀಬ್ಯಾಡ್ರಿ. ಹೊಗಳೂಬ್ಯಾಡ್ರಿ.” ಎದ್ದು ಬಾಗಿಲ ಕಡೆ ಕೈ ಮಾಡಿದಳು. “ನಾನೇ ಮೆರಿಯಾಕ ಇದ್ದಲ ಒಯ್ದು ತೋರ್ಸಿ, ನಾನೇ ಸಾಲಿ ಕಳ್ಕೊಂಡ್ನಿ ಅಂತ ನಮ್ಮವ್ವ ಇವತ್ತಿಗೂ ಅಂತಾಳ. ಆಕಿಗಿ ಹೇಳ್ರಿ.”

ಹೊಸ್ತಿಲಲ್ಲಿ ಕುಳಿತು ಮೆಲ್ಲಗೆ ಹೇಳಿದೆ. ಮುದುಕಿ ಶೇಂಗಾ ಸುಲಿಯುತ್ತಲೇ ಇದ್ದಳು.

“ಜೋರಾಗಿ ಹೇಳ್ರಿ ಟೀಚರ್,” ಹಿಂದಿನಿಂದ ಹುಸೇನಮ್ಮ ಅಂದಳು. “ಆಕಿಗಿ ಕಿವಿ ಕೇಳಂಗಿಲ್ಲ. ಸಾಲ್ಯಾಗ ಎಲ್ರಿಗೂ ಕೇಳೂವಂಗ ಹೇಳ್ತಿದ್ರೆಲ್ಲ, ಹಂಗ.”

ಕೂಗಿ ಹೇಳಿದೆ. ಎದುರು ಮನೆಯ ಹೆಂಗಸರು ಹೊರಗೆ ಬಂದರು, ಹುಸೇನಮ್ಮನ ಮಗಳು ನೀರಿನ ಕೊಡ ಹಿಡಿದು ಓಣಿಯಲ್ಲೇ ನಿಂತಳು. “ಇದ್ದಲ ತಾ ಅಂದಾಕಿ ನಾನು. ಹೇಳಿಲ್ಲ ಅಂದಾಕೀನೂ ನಾನು. ಸಾಲಿ ತಪ್ಪಿಸಿದಾಕಿ ನಾನು.” ಮುದುಕಿ “ಹಾಂ?” ಎಂದಳು. ಮತ್ತೊಮ್ಮೆ ಮೊದಲಿನಿಂದ ಕೂಗಿದೆ.

ಈ ಸಲ ಅವಳ ಕೈ ನಿಂತಿತು. ನನ್ನ ಕಡೆ ನೋಡಲೇ ಇಲ್ಲ. ಮಗಳ ಕಡೆ ತಿರುಗಿ, “ಹಂಗಾರ ನಾ ನಿನ್ನ ಸುಮ್‌ಸುಮ್ನ ಬಡಿದ್ನೇನಬೇ?” ಎಂದಳು.

ಹುಸೇನಮ್ಮ ಅವಳ ಮಡಿಲಿನ ಸಿಪ್ಪೆಗಳನ್ನು ಬಳಿದು ಬುಟ್ಟಿಗೆ ಹಾಕಿದಳು. ನನಗೆ “ನಿಮ್ಮ ಬಸ್ಸಿನ ಹೊತ್ತಾತು” ಎಂದಳು. ಚಹಾ ಅಲ್ಲೇ ಉಳಿಯಿತು.

ಮನೆಗೆ ಬಂದು ಪುಂಡಿಪಲ್ಯ ಮಾಡಿದೆ, ರೊಟ್ಟಿ ಬೆಳಗಿನವೇ ಇದ್ದವು. ಹೊರಗೆಲ್ಲೋ ಹೋಗಿ ಬಂದೆಯಾ ಎಂದು ಗಂಡ ಕೇಳಿದರು. ಉಣ್ಣುತ್ತಲೇ ಎಲ್ಲ ಹೇಳಿದೆ. “ಹಳೇ ಮಾತು ಬಿಡು, ಯಾರಿಗಿ ನೆನಪಿರ್ತದ,” ಎಂದು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅತ್ತೆ ಅರ್ಧ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಂಡರು. ನಾನೂ ಉಂಡೆ, ಹಸಿವಾಗಿತ್ತು. ಬೆಲ್ಲದ ಡಬ್ಬಿ ತೆರೆಯಲಿಲ್ಲ. ಎಲ್ಲರಿಗಿಂತ ಮೊದಲು ಮಲಗಿದವರು ಗಂಡ.